ಎರಡು ಮಂಡಿಗಳ ಒಪ್ಪಂದ

"ನೋವು ಹೇಗಿದೆ ಸರ್? ಓಡಿಲ್ಲ ತಾನೇ?" ಎಂದು ಮನೆಗೆ ಬಂದ ಫಿಸಿಯೋಥೆರಪಿಯ ಹುಡುಗಿ ಕೇಳಿದ್ದೇ ತಡ, ಅಳಿಯ ಬಾಯಿ ತೆರೆಯುವ ಮೊದಲೇ ಪಕ್ಕದ ಕುರ್ಚಿಯಿಂದ ಅತ್ತೆ ಉತ್ತರ ಕೊಟ್ಟರು.

"ಎಲ್ಲಿ ಓಡ್ತಾರಮ್ಮ? ಮನೆ ಬಿಟ್ರೆ ಅಂಗಡಿ, ಅಂಗಡಿ ಬಿಟ್ರೆ ಮನೆ. ನಮ್ಮ ಅಳಿಯಂದಿರಷ್ಟು ಹೇಳಿದ ಮಾತು ಕೇಳೋರನ್ನ ನಾನು ನೋಡೇ ಇಲ್ಲ."

"ಮತ್ತೆ ನೀವಮ್ಮಾ? ಮಂಡಿ ಮಡಚೋ ವ್ಯಾಯಾಮ ಮಾಡ್ತಿದೀರಾ?"

ಈಗ ಅಳಿಯನ ಸರದಿ. "ಬೆಳಿಗ್ಗೆ, ಸಂಜೆ, ಎರಡು ಹೊತ್ತೂ. ಸಾಕು ಬಿಡಿ ಅತ್ತೆ ಅಂದ್ರೂ ಕೇಳಲ್ಲ," ಎಂದ, ಕಣ್ಣು ಕೂಡ ಮಿಟುಕಿಸದೆ.

ಎರಡೂ ಹಸಿ ಸುಳ್ಳು. ಹೋದ ಮ್ಯಾರಥಾನಿನಲ್ಲಿ ಇನ್ನೇನು ಮುಗಿಯಿತು ಅನ್ನುವಾಗ ಬಲಮಂಡಿ ಕೈಕೊಟ್ಟು, ಆಂಬುಲೆನ್ಸಿನಲ್ಲಿ ಕೂತು ಗೆರೆ ದಾಟಿದ ಅವಮಾನ ಅಳಿಯನಿಗೆ ಇನ್ನೂ ಅರಗಿರಲಿಲ್ಲ. ಈ ಸಲದ ಓಟಕ್ಕೆ ಉಳಿದಿದ್ದು ಒಂದೇ ತಿಂಗಳು. ಡಾಕ್ಟರ ಅಪ್ಪಣೆ ಸಿಗುವವರೆಗೆ ಸುಮ್ಮನಿರುವ ಜಾಯಮಾನ ಅವನದಲ್ಲ. ತನ್ನ ಕನ್ನಡಕದಂಗಡಿಯ ಫ್ರೇಮುಗಳ ಚೀಲದಲ್ಲಿ ಬೂಟು ಅಡಗಿಸಿಕೊಂಡು, ಅಂಗಡಿ ಬೇಗ ತೆರೆಯಬೇಕೆಂದು ಹೆಂಡತಿಗೆ ಹೇಳಿ, ಪಾರ್ಕಿನ ಸುತ್ತ ಕದ್ದು ಓಡಿ ಬರುತ್ತಿದ್ದ. ಇತ್ತ ಅತ್ತೆ, ಮಂಡಿಯ ಆಪರೇಷನ್ ಮಾಡಿಸಿಕೊಂಡು ಸುಧಾರಿಸಿಕೊಳ್ಳಲು ಮಗಳ ಮನೆಗೆ ಬಂದವರು. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದ ಗಟ್ಟಿ ಹೆಂಗಸು. ಆದರೆ ಮಂಡಿ ಮಡಚಿದರೆ ಜೀವ ಹೋಗುತ್ತದೆಂದು ವ್ಯಾಯಾಮದ ಹೊತ್ತಿಗೆ ಸರಿಯಾಗಿ ಟಿವಿ ಹಾಕಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಅವರು ಅಳಿಯನ ಚೀಲ ತಪಾಸಣೆ ಮಾಡಿದರು, ಅದೇ ಸಂಜೆ ಅಳಿಯ ಟಿವಿಯ ಮುಂದೆ ಅವರನ್ನು ಹಿಡಿದ. ನೀವು ನನ್ನನ್ನ ನೋಡಿಲ್ಲ, ನಾನು ನಿಮ್ಮನ್ನ ನೋಡಿಲ್ಲ ಎಂದು ಒಪ್ಪಂದವಾಯಿತು.

"ಭೇಷ್!" ಎಂದಳು ಹುಡುಗಿ. "ಹಾಗಾದ್ರೆ ಬನ್ನಿ, ಗೇಟಿನವರೆಗೂ ಮೆಟ್ಟಿಲು ಇಳಿದು ಹತ್ತೋಣ. ಸರ್, ನೀವು ಕುಂಟದೆ ಇಳಿದ್ರೆ, ಓಡಲಿ ಅಂತ ನಾನೇ ಡಾಕ್ಟರಿಗೆ ಹೇಳ್ತೀನಿ."

ಓಡುವುದಾದರೂ ವಾಸಿ, ಪೆಟ್ಟಾದ ಮಂಡಿಗೆ ಇಳಿಯುವುದೇ ಪರಮಶತ್ರು. ಒಳಗೆ ಮೊಳೆ ಹೊಡೆದಂತಾಗುತ್ತಿದ್ದರೂ ಹೊರಗೆ ಮದುಮಗನ ಹಾಗೆ ನಗುತ್ತ ಅಳಿಯ ಅರ್ಧದಷ್ಟು ಮೆಟ್ಟಿಲು ಇಳಿದೇಬಿಟ್ಟ. "ಪರವಾಗಿಲ್ವೇ ಸರ್!" ಎಂದಳು ಹುಡುಗಿ. ಗೆದ್ದೆ ಎಂದುಕೊಂಡ. ಆಗ ಹಿಂತಿರುಗಿ ನೋಡಿದರೆ ಅತ್ತೆ ಎರಡನೇ ಮೆಟ್ಟಿಲಲ್ಲೇ ಕಂಬಿ ಹಿಡಿದು ನಿಂತಿದ್ದರು. ಕಾಲು ಒನಕೆಯಂತೆ ನೆಟ್ಟಗಿತ್ತು, ಹಣೆಯಲ್ಲಿ ಬೆವರು.

ಹುಡುಗಿಯ ಮುಖ ಗಂಭೀರವಾಯಿತು. "ಇಷ್ಟು ವ್ಯಾಯಾಮ ಮಾಡಿಯೂ ಮಡಚ್ತಿಲ್ಲ ಅಂದ್ರೆ ಒಳಗೇನೋ ತೊಂದರೆ ಇದೆ. ಮತ್ತೆ ಆಸ್ಪತ್ರೆಗೆ ಸೇರಿಸಿ, ಪ್ರಜ್ಞೆ ತಪ್ಪಿಸಿ ಮಡಚಿಸಬೇಕಾಗುತ್ತೇನೋ."

ಅತ್ತೆಯ ಮುಖ ಬಿಳಿಚಿಕೊಂಡಿತು. ಆದರೂ ತುಟಿ ಎರಡು ಮಾಡಲಿಲ್ಲ. ಕೊಟ್ಟ ಮಾತಿಗೆ ತಪ್ಪುವವರಲ್ಲ ಪುಣ್ಯಾತ್ಗಿತ್ತಿ. ಅಳಿಯ ಒಮ್ಮೆ ಅವರನ್ನು ನೋಡಿದ, ಒಮ್ಮೆ ತನ್ನ ಮಂಡಿಯನ್ನು ನೋಡಿದ. ಬಾಯಿ ಬಿಟ್ಟರೆ ತನ್ನ ಗುಟ್ಟೂ ಬಯಲಾಗುತ್ತದೆ, ಓಟಕ್ಕೆ ಎಳ್ಳುನೀರು ಬಿಡಬೇಕಾಗುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಒಳಗೇನೂ ತೊಂದರೆಯಿಲ್ಲ," ಎಂದ. "ಅತ್ತೆ ಒಂದು ದಿನಾನೂ ವ್ಯಾಯಾಮ ಮಾಡಿಲ್ಲ."

"ಅಯ್ಯೋ ನಂಬಿಕೆದ್ರೋಹಿ!" ಅತ್ತೆಯ ದನಿಗೆ ಮೇಲಿನ ಮಹಡಿಯ ಬಾಗಿಲು ತೆರೆಯಿತು. "ಇವರು ದಿನಾ ಪಾರ್ಕಲ್ಲಿ ಓಡ್ತಾರೆ ಕಣಮ್ಮ! ಬೂಟು ಫ್ರೇಮಿನ ಚೀಲದಲ್ಲಿದೆ, ಹೋಗಿ ನೋಡು!"

ಹುಡುಗಿ ಏನೂ ನೋಡಲು ಹೋಗಲಿಲ್ಲ. ಅಳಿಯನ ಮಂಡಿಯ ಪಕ್ಕ ಹೆಬ್ಬೆರಳು ಒತ್ತಿದಳು. ಅವನು ಕಿರುಚಿದ ರಭಸಕ್ಕೆ ಕೆಳಗಿನ ಮಹಡಿಯ ಬಾಗಿಲೂ ತೆರೆಯಿತು.

"ಈ ಸಲದ ಓಟ ಮರೆತುಬಿಡಿ ಸರ್."

ಅಳಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಅಷ್ಟು ದೊಡ್ಡ ಆಳು, ಕಣ್ಣು ತುಂಬಿ ಬಂದಿದ್ದನ್ನು ಮುಚ್ಚಿಡಲೂ ಆಗಲಿಲ್ಲ. ಮೇಲಿಂದ ಅತ್ತೆ ಕೇಳಿದರು, ಈ ಸಲ ಮೆಲ್ಲಗೆ:

"ಓಟ ಹೋಗುತ್ತೆ ಅಂತ ಗೊತ್ತಿದ್ದೂ ಯಾಕೆ ಬಾಯಿ ಬಿಟ್ರಿ?"

"ನಿಮ್ಮನ್ನ ಮತ್ತೆ ಆ ಸ್ಟ್ರೆಚರ್ ಮೇಲೆ ನೋಡೋಕೆ ನನ್ನಿಂದಾಗಲ್ಲ ಅತ್ತೆ."

ಅತ್ತೆ ಕಂಬಿಯನ್ನು ಗಟ್ಟಿಯಾಗಿ ಹಿಡಿದು, "ಬಾಮ್ಮ, ಹೇಗೆ ಮಡಚೋದು ತೋರಿಸು," ಎಂದರು. ಒಂದು ಮೆಟ್ಟಿಲಿಗೆ ಡಾಕ್ಟರನ್ನು ಬೈದರು, ಇನ್ನೊಂದಕ್ಕೆ ಈ ಕಟ್ಟಡ ಕಟ್ಟಿದವನನ್ನು, ಮತ್ತೊಂದಕ್ಕೆ ಅಳಿಯನ ಇಡೀ ವಂಶವನ್ನು. ಅಳಿಯ ಕೈ ಕೊಟ್ಟ, ಮುಚ್ಚುಮರೆಯಿಲ್ಲದೆ ಕುಂಟುತ್ತ ಜೊತೆಗೆ ನಡೆದ. ಗೇಟು ಮುಟ್ಟಿ ವಾಪಸು ಮೇಲೆ ಬರುವ ಹೊತ್ತಿಗೆ ಇಬ್ಬರೂ ಬೆವರಿನಲ್ಲಿ ತೊಯ್ದುಹೋಗಿದ್ದರು.

ಬಾಗಿಲ ಚೌಕಟ್ಟಿಗೆ ಒರಗಿ ಅತ್ತೆ ಏದುಸಿರು ಬಿಟ್ಟರು. ಮುಖ ಮಾತ್ರ ಫಳಫಳ ಹೊಳೆಯುತ್ತಿತ್ತು.

"ಅಳಿಯಂದಿರೇ, ಓಡಿ ಬಂದಾಗ ನಿಮಗೂ ಹೀಗೇ ಅನಿಸುತ್ತಾ?"

"ಹೀಗೇ ಅತ್ತೆ."

"ಮೊದಲೇ ಹೇಳೋಕೇನಾಗಿತ್ತು?" ಎಂದು ಅತ್ತೆ ಮತ್ತೆ ಮೆಟ್ಟಿಲ ಕಡೆಗೆ ತಿರುಗಿದರು. "ನಡೀರಿ, ಇನ್ನೊಂದು ಸಲ ಇಳಿದು ಹತ್ತೋಣ."

ಹೆಂಡತಿ ಹೇಳಿದರೂ ಕೇಳದ, ಡಾಕ್ಟರು ಹೇಳಿದರೂ ಕೇಳದ ಆಸಾಮಿ ಅವರ ಸೆರಗು ಹಿಡಿದು ನಿಲ್ಲಿಸಿದ.

"ಬೇಡ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಇವತ್ತಿಗೆ ಇಷ್ಟು ಸಾಕು."