ಹಸಿರು ನವಿಲಿನ ಸೀರೆ

“ಅಂಕಲ್, ನಿಮ್ಮ ಮುಖ ಕಾಣ್ತಿದೆ. ಸೀರೆ ಫೋಟೋ ಜಾಗದಲ್ಲಿ ಬರೀ ಕಪ್ಪು!”

ಹಿಂಜವಾಡಿಯ ಗಿರಾಕಿ ನೀರಜಾಳ ಕಮೆಂಟ್ ಓದಿ ಶಿವರುದ್ರಪ್ಪನಿಗೆ ಬೆವರು ಕಿತ್ತುಬಂತು. ಶಿವಾಜಿನಗರದ ಅವನ ಇಳಕಲ್ ಸೀರೆ ಅಂಗಡಿ ಉಸಿರಾಡುತ್ತಿದ್ದದ್ದೇ ಈ ಲೈವ್ ಮಾರಾಟದಿಂದ. ಲ್ಯಾಪ್‌ಟಾಪಿನಲ್ಲಿ ಅವನು ತೆರೆದ ಫೋಟೋ ಅವನ ಮುಖದ ಪಕ್ಕದಲ್ಲೇ ಗಿರಾಕಿಗಳಿಗೆ ಕಾಣಬೇಕು. ಹಾಗೆ ಹೊಂದಿಸಿಕೊಟ್ಟವಳು ಅಣ್ಣನ ಮಗಳು ಶಿವಾನಿ.

“ತಡೀರಿ ಕಾಕಾ, ನಾ ನೋಡ್ತೀನಿ. ಫೋಟೋದ ವಿಂಡೋ ಒಂದ ಕಾಣೂ ಹಂಗ ಇಟ್ಟೇನಿ, ಅದ ಎಲ್ಲೋ ಸಿಕ್ಕೊಂಡದ.”

“ನೀ ಮುಟ್ಟಬ್ಯಾಡ. ಸೀರಿ ಮಡಿಚು ಹೋಗು.”

ಮೊನ್ನೆ ಖಡಕಿಯಲ್ಲಿ ಸಿದ್ದಾರೂಢನ ಸೀರೆ ಅಂಗಡಿಯ ಮೆಟ್ಟಿಲಿಳಿಯುತ್ತಿದ್ದ ಇವಳನ್ನು ಅವನು ಕಣ್ಣಾರೆ ಕಂಡಿದ್ದ. ಕೇಳಿದರೆ, ಗೆಳತಿಯ ಮನೆಗೆ ಹೋಗಿದ್ದೆ ಅಂದಳು. ಎತ್ತಿ ಆಡಿಸಿದ ಹುಡುಗಿ! ಸಿದ್ದಾರೂಢನೂ ಲೈವ್ ಮಾಡುವವನೇ, ಶಿವರುದ್ರಪ್ಪನ ಲೈವ್ ಒಂದನ್ನೂ ಬಿಡದೆ ನೋಡುವವನೇ. ಈ ಕಪ್ಪು ಪರದೆಯೂ ಇವಳದೇ ಕಿತಾಪತಿ ಇರಬೇಕು.

ತಾನೇ ಕುಳಿತ. ಫೋಟೋ ಮುಚ್ಚಿ ತೆರೆದ. ಕಪ್ಪು. ಗ್ರಾಫಿಕ್ಸ್ ಸೆಟ್ಟಿಂಗ್ ಬದಲಿಸಿದ. ಕಪ್ಪು. ಕಡೆಗೆ ಶಿವಾನಿ ಇಟ್ಟಿದ್ದ ಆಯ್ಕೆಯನ್ನು ತೆಗೆದುಹಾಕಿ, ಅದರ ಕೆಳಗಿದ್ದ ‘ಪೂರ್ತಿ ಸ್ಕ್ರೀನ್ ತೋರಿಸು’ ಒತ್ತಿದ.

“ಬಂತು ಅಂಕಲ್!” ಎಂದು ನೀರಜಾ ಬರೆದಳು. ಶಿವರುದ್ರಪ್ಪ ಮೀಸೆ ತಿರುವಿಕೊಂಡ.

ಅದೇ ಹುರುಪಿನಲ್ಲಿ ಶಿವಾನಿಗೆ ಬಲೆಯನ್ನೂ ಬೀಸಿದ. “ಐದು ನಿಮಿಷ ಬ್ರೇಕ್‌ರಿ, ಚಹಾ ಕುಡದು ಬರ್ತೇನಿ,” ಎಂದು ಮೈಕ್ ಬಂದ್ ಮಾಡಿ, ಕ್ಯಾಮೆರಾದ ಮೇಲೆ ಟವೆಲ್ ಹೊದಿಸಿದ. ಅಂಗಡಿಯ ಶಟರ್ ಎಳೆದೇ ಇತ್ತು. ಶಿವಾನಿಯನ್ನು ಕರೆದು, ತಾನೇ ಬಿಡಿಸಿದ್ದ ಹೊಸ ವಿನ್ಯಾಸವನ್ನು ಲ್ಯಾಪ್‌ಟಾಪಿನಲ್ಲಿ ತೆರೆದ. ಹಸಿರು ಒಡಲು, ಸೆರಗಿನಲ್ಲಿ ಎದುರುಬದುರು ನವಿಲು.

“ನೇಕಾರಗೂ ಹೇಳಿಲ್ಲ, ನಿಮ್ಮ ಕಾಕೂಗೂ ಗೊತ್ತಿಲ್ಲ. ನಾನು, ನೀನು, ಇಬ್ಬರ.”

“ಭಾಳ ಚಂದ ಅದ ಕಾಕಾ!” ಅವಳ ಕಣ್ಣರಳಿತು. ನಾಟಕವೂ ಚೆನ್ನಾಗಿಯೇ ಬರುತ್ತದೆ ಇವಳಿಗೆ ಎಂದುಕೊಂಡ.

ಮರುದಿನ ಬೆಳಿಗ್ಗೆ ಸಿದ್ದಾರೂಢನ ಲೈವಿನಲ್ಲಿ ಹಸಿರು ನವಿಲಿನ ಚಿತ್ರ ಬಂದೇಬಿಟ್ಟಿತು. ಅದೇ ಒಡಲು, ಅದೇ ಸೆರಗು. ಬುಕಿಂಗ್ ಚಾಲೂ.

“ಸ್ವಂತ ಮಗಳಂಗ ನೋಡಿದ್ನಲ್ಲ ಶಿವಾನಿ, ನನ್ನ ಕುತ್ತಿಗಿ ಕೊಯ್ದಿಯಲ್ಲ!” ಶಿವರುದ್ರಪ್ಪನ ದನಿ ಒಡೆಯಿತು.

“ಅಂವ ಕೆಲಸಕ್ಕ ಕರದಿದ್ದ ಕಾಕಾ. ಒಲ್ಲೆ ಅಂತ ಹೇಳಾಕ ಹೋಗಿದ್ದೆ. ನಿಮಗ ಬ್ಯಾಸರ ಆಗ್ತದಂತ ಸುಳ್ಳು ಹೇಳಿದೆ. ಆ ಚಿತ್ರ ನಾ ಯಾರಿಗೂ ತೋರಿಸಿಲ್ಲ.”

“ಹಂಗಾರ ನಾ ತೋರಿಸಿದ್ನೇನು?”

ಅವಳು ಅಂಗಡಿಯ ಕೀಲಿಕೈ ಮೇಜಿನ ಮೇಲಿಟ್ಟು ಹೊರಟುಹೋದಳು. ಅವನು ತಡೆಯಲಿಲ್ಲ.

ಸಂಜೆ ಒಬ್ಬನೇ ಲೈವ್ ಶುರುಮಾಡಿದ. ನಮ್ಮವಳೇ ಹೀಗೆ ಮಾಡಿದಳಲ್ಲ ಎಂಬ ಸಂಕಟ ಆರಿರಲಿಲ್ಲ. ನಗು ತಂದುಕೊಂಡು ಕೈಮುಗಿದ. ಮೊದಲ ಕಮೆಂಟ್ ನೀರಜಾಳದು.

“ಅಂಕಲ್, ನಿನ್ನೆ ಟೀ ಬ್ರೇಕ್‌ನಲ್ಲಿ ತೋರಿಸ್ತಿದ್ರಲ್ಲ, ಆ ಹಸಿರು ನವಿಲಿನ ಸೀರೆ, ನಂಗೊಂದು ಎತ್ತಿಡಿ.”