ಕದಲದ ಮುಖ

ರೇಯೊ ಕಣ್ಣು ಮಿಟುಕಿಸಿ ಎಷ್ಟು ಹೊತ್ತಾಯಿತು? ಈ ಪ್ರಶ್ನೆ ತಲೆಗೆ ಬಂದದ್ದೇ ತಡ, ಮನೋಚಿಕಿತ್ಸಕಿ ಟೂಲಿಕ್ಕಿ ಮುಂದಕ್ಕೆ ಬಗ್ಗಿ ನೋಡಿದಳು. ಕಂಪ್ಯೂಟರಿನ ಪರದೆಯ ಮೇಲೆ ಅವನು ಗಲ್ಲಕ್ಕೆ ಕೈಕೊಟ್ಟು ಕೂತೇ ಇದ್ದ. ಆದರೆ ಅವನ ಬೆನ್ನ ಹಿಂದಿನ ಕಿಟಕಿಯಾಚೆ ದಪ್ಪದಪ್ಪನೆ ಬೀಳುತ್ತಿದ್ದ ಹಿಮ ನಡುಗಾಳಿಯಲ್ಲೇ ನಿಂತುಬಿಟ್ಟಿತ್ತು. ಅಯ್ಯೋ ದೇವರೇ! ರೋಗಿ ಯೋಚಿಸುತ್ತಿದ್ದಾನೆ, ಅವಸರ ಮಾಡಬಾರದು ಎಂದು ತಾನು ಇಷ್ಟು ಹೊತ್ತು ಬಾಯಿಮುಚ್ಚಿಕೊಂಡು ಕಾದದ್ದು ಒಂದು ನಿಂತುಹೋದ ಚಿತ್ರದ ಮುಂದೆ.

ಬೇರೆ ಕಡೆಯವರಾಗಿದ್ದರೆ ಅರೆಗಳಿಗೆಗೇ "ಹಲೋ, ಕೇಳಿಸ್ತಿದೆಯಾ?" ಎಂದು ಕೂಗಿಕೊಳ್ಳುತ್ತಿದ್ದರು. ಫಿನ್ಲೆಂಡಿನ ಈ ಮೂಡಣ ಸೀಮೆಯಲ್ಲಿ ಹಾಗೆಲ್ಲ ಮಾಡುವ ಹಾಗಿಲ್ಲ. ಇಲ್ಲಿ ಸುಮ್ಮನಿರುವವರನ್ನು ಮಾತಾಡಿಸುವುದೆಂದರೆ ಉಣ್ಣುತ್ತಿರುವವರ ತಟ್ಟೆಗೆ ಕೈಹಾಕಿದಂತೆ. ಅದರಲ್ಲೂ ರೇಯೊ ಮರದ ದಿಮ್ಮಿಯ ಲಾರಿ ಓಡಿಸುತ್ತಲೇ ಅರವತ್ತು ದಾಟಿದ ಒಂಟಿ ಮನುಷ್ಯ. ಅವನು ನಾಲ್ಕು ಮಾತಾಡಿದರೆ ಅವತ್ತು ಹಬ್ಬ. ಕಳೆದ ಚಳಿಗಾಲದಲ್ಲಿ ಎದುರಿನಿಂದ ಬಂದ ಕಾರೊಂದು ಬೇಕೆಂದೇ ಅವನ ಲಾರಿಗೆ ನುಗ್ಗಿತ್ತು. ಕಾರಿನಲ್ಲಿದ್ದ ಹುಡುಗ ಉಳಿಯಲಿಲ್ಲ. ಗುದ್ದುವ ಮುಂಚೆ ರೇಯೊ ಅವನನ್ನು ಕಣ್ಣಾರೆ ನೋಡಿದ್ದ. ಏನು ನೋಡಿದೆ ಎಂಬುದನ್ನು ಮಾತ್ರ ಒಡಹುಟ್ಟಿದ ಅಕ್ಕನಿಗೂ ಹೇಳಿರಲಿಲ್ಲ.

ಅಲ್ಲಿಂದಾಚೆ ಅವನು ಯಾವ ಗಾಡಿಯನ್ನೂ ಮುಟ್ಟಿಲ್ಲ. ಕಾಡು ದಾಟಿ, ಸರೋವರ ಸುತ್ತಿ ಆಸ್ಪತ್ರೆಗೆ ಬರುವುದಾದರೂ ಹೇಗೆ? ಈ ಶರತ್ಕಾಲದಿಂದ ಮಾತಿನ ಚಿಕಿತ್ಸೆಯನ್ನು ಆನ್‌ಲೈನಿನಲ್ಲೇ ಕೊಡುವುದು ಇಲ್ಲಿ ದಿನನಿತ್ಯದ ಕೆಲಸವಾದದ್ದರಿಂದ ಅವನು ಟೂಲಿಕ್ಕಿಗೆ ದಕ್ಕಿದ್ದ. ಇನ್ನು ಬದುಕಿ ಏನು ಮಾಡಬೇಕು ಎಂದು ಹೋದ ವಾರ ಕೇಳಿದ್ದ. ಇವತ್ತು ಪರದೆ ನಿಲ್ಲುವ ಮೊದಲು ಅವನಾಡಿದ ಕೊನೆಯ ಮಾತು, "ನಂಗೆ ಸಾಕಾಗಿಹೋಗಿದೆ ಕಣಮ್ಮ."

ಟೂಲಿಕ್ಕಿ ಫೋನು ಮಾಡಿದಳು. ರಿಂಗಾಯಿತು, ಆಯಿತು, ಆಗುತ್ತಲೇ ಇತ್ತು. ಬಾಗಿಲಲ್ಲಿ ಹಣಿಕಿದ ನರ್ಸ್ ಹೆನ್ನಾ ಅವಳ ಮುಖ ನೋಡಿ ಒಳಗೇ ಬಂದಳು.

"ಏನಾಯ್ತೇ? ಯಾಕೆ ಹೀಗೆ ಬಿಳಿಚಿಕೊಂಡಿದ್ದೀಯ?"

"ರೇಯೊ ಫೋನ್ ಎತ್ತುತ್ತಿಲ್ಲ ಕಣೇ!"

"ಹೇಗೆ ಎತ್ತುತ್ತಾರೆ? ಚಿಕಿತ್ಸೆ ಹೊತ್ತಲ್ಲಿ ಫೋನ್ ಸೈಲೆಂಟ್ ಮಾಡಿ ಬೇರೆ ಕೋಣೇಲಿಡಿ ಅಂತ ಎಲ್ಲರಿಗೂ ಪಾಠ ಹೇಳಿಕೊಟ್ಟಿದ್ದು ನಾವೇ ಅಲ್ವಾ?"

"ಇಲ್ಲೇ ನನ್ನೆದುರು ಕೂತಿದ್ದಿದ್ರೆ ಭುಜ ಹಿಡಿದು ಅಲ್ಲಾಡಿಸ್ತಿದ್ದೆ. ಈಗೇನು ಮಾಡ್ಲಿ, ಈ ಗಾಜನ್ನ ಅಲ್ಲಾಡಿಸ್ಲಾ?"

ಹೆನ್ನಾ ತುರ್ತು ನಂಬರಿಗೆ ಫೋನು ಹಚ್ಚಿದಳು. ಆಂಬುಲೆನ್ಸ್ ಹೊರಟಿದೆ, ರಸ್ತೆ ತುಂಬ ಹಿಮ, ಹೊತ್ತಾಗುತ್ತದೆ ಎಂದರು. ಟೂಲಿಕ್ಕಿ ಮತ್ತೆ ರೇಯೊನ ನಂಬರು ಒತ್ತಿದಳು. ಅಷ್ಟರಲ್ಲಿ ಪರದೆ ಒಮ್ಮೆ ಕೊಸರಿಕೊಂಡು, ರೇಯೊ ತೋಳಿನಿಂದ ಮೂಗೊರೆಸಿಕೊಳ್ಳುತ್ತಿರುವುದು ಕಂಡಿತು.

"ಅಬ್ಬಾ, ಹೇಳಿಬಿಟ್ಟೆ ನೋಡು!" ಅವನ ದನಿ ಒಡೆದಿತ್ತು. "ಎಲ್ಲಾ ಹೇಳಿಬಿಟ್ಟೆ. ನಡುವೆ ನೀನು 'ಅಯ್ಯೋ ಪಾಪ' ಅಂದಿದ್ರೂ ಅಲ್ಲಿಗೇ ನಿಲ್ಲಿಸಿಬಿಡ್ತಿದ್ದೆ. ಒಂಚೂರು ಹುಬ್ಬು ಕೂಡ ಅಲ್ಲಾಡಿಸ್ಲಿಲ್ಲವಲ್ಲ, ಭಲೇ ಹೆಂಗಸು ಕಣಮ್ಮ ನೀನು! ಇನ್ನೊಂದ್ಸಲ ಮಾತ್ರ ಕೇಳಬೇಡ. ನನ್ನ ಬಾಯಿಂದ ಮತ್ತೆ ಇದು ಹೊರಡಲ್ಲ."

ಅವನ ಪರದೆಯ ಮೇಲೆ ಇವಳ ಚಿತ್ರವೂ ನಿಂತಿತ್ತು. ವರ್ಷವೊಂದರಿಂದ ನುಂಗಿಕೊಂಡದ್ದನ್ನೆಲ್ಲ ಅವನು ಆ ಸತ್ತ ಚಿತ್ರದ ಮುಂದೆ ಕಕ್ಕಿಬಿಟ್ಟಿದ್ದಾನೆ ಎಂದು ಹೊಳೆದಾಗ ಟೂಲಿಕ್ಕಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಗೋಡೆಗೊರಗಿದ್ದ ಹೆನ್ನಾ, ಆಂಬುಲೆನ್ಸಿನವರಿಗೆ ಬೇಡವೆಂದು ಪಿಸುಗುಟ್ಟಿ, ಇವಳತ್ತ ಕತ್ತು ಆಡಿಸಿದಳು. ಹೂಂ, ಕೇಳಿಸ್ತು ಅಂದುಬಿಡು ಮಾರಾಯ್ತಿ, ಅವನು ಹಗುರಾಗಿದ್ದಾನೆ, ಇನ್ನೇನು ಬೇಕು ಎಂದು ಆ ಸನ್ನೆ. ಹೂಂ ಅನ್ನುವುದು ಸುಲಭವಿತ್ತು. ಆದರೆ ಮುಂದಿನ ವಾರ? ಅವನು ಆ ಮಾತನ್ನೇ ಹಿಡಿದು ಏನಾದರೂ ಕೇಳಿದರೆ?

"ರೇಯೊ, ಲೈನ್ ಕಡಿದುಹೋಗಿತ್ತು. ಸಾಕಾಗಿಹೋಗಿದೆ ಅಂದ್ರಲ್ಲ, ಅದರಾಚೆ ನಂಗೆ ಒಂದಕ್ಷರವೂ ಕೇಳಿಸಿಲ್ಲ."

ಅವನು ಅವಳನ್ನೇ ನೋಡಿದ. ಕೈ ಮುಂದೆ ಬಂತು, ಲ್ಯಾಪ್‌ಟಾಪಿನ ಮುಚ್ಚಳ ಹಿಡಿಯಿತು. ಮುಚ್ಚಿದನೋ ಮುಗಿಯಿತು, ಇನ್ನೆಂದೂ ತೆರೆಯುವುದಿಲ್ಲ ಎಂದು ಟೂಲಿಕ್ಕಿಗೆ ಗೊತ್ತಿತ್ತು. ಬೇಡ ಎನ್ನಲು ಬಾಯಿ ತೆರೆದವಳು ತುಟಿ ಕಚ್ಚಿಕೊಂಡಳು. ಮುಚ್ಚಳ ಅರ್ಧ ಬಾಗಿ, ನಿಂತು, ಮತ್ತೆ ನಿಧಾನವಾಗಿ ಮೇಲೆದ್ದಿತು.

"ಆಗ ಹೇಗೆ ಕೂತಿದ್ದೆಯಲ್ಲ," ಎಂದ ರೇಯೊ, "ಹಾಗೇ ಕೂತ್ಕೋ."

ಟೂಲಿಕ್ಕಿ ಹಾಗೇ ಕೂತಳು.

"ಆ ಹುಡುಗ ನನ್ನ ನೋಡಿ ಕೈ ಎತ್ತಿದ ಕಣಮ್ಮ. ದಾರೀಲಿ ಎದುರಾದೋರಿಗೆ ನಾವೆಲ್ಲ ಎತ್ತುತ್ತೀವಲ್ಲ, ಹಾಗೆ. ಅಭ್ಯಾಸ ನೋಡು... ಸ್ಟೇರಿಂಗ್ ಬಿಟ್ಟು ನಾನೂ ಎತ್ತಿದೆ."