ನೀಲತ್ತೆಯ ಓಟದ ಪದಕ

ಹುಣಸೆಹಣ್ಣಿನಿಂದ ಹಿತ್ತಾಳೆ ತಿಕ್ಕಿದ ವಾಸನೆ ಬಂದರೆ ಈಗಲೂ ಸಗರದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ತಂಗಿ ನೀಲತ್ತೆಯನ್ನು ನೋಡಲು ವಡಗೇರಾದಿಂದ ಗಂಡಿನ ಕಡೆಯವರು ಬಂದಿದ್ದರು. ಅವಳು ಶಹಾಪುರದಲ್ಲಿ ಓಡಿ ಗೆದ್ದ ಪದಕವನ್ನು ಅವ್ವ ಬೆಳಿಗ್ಗೆಯೇ ತಿಕ್ಕಿ ಗೋಡೆಗೆ ತೂಗುಹಾಕಿದ್ದಳು. ಗಂಡಿನ ತಾಯಿ ಅದನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ, ಉಗುರಿನಿಂದ ಕೆರೆದು ನೋಡಿದರು.

“ಬಂಗಾರದ್ದಲ್ಲ ಬಿಡ್ರಿ,” ಅಂದರು. ಆಮೇಲೆ ಅತ್ತೆಯ ಕಡೆ ತಿರುಗಿ, “ಅಷ್ಟು ದೂರ ಯಾರ ಜೋಡಿ ಹೋಗಿದ್ದಿ?” ಎಂದು ಕೇಳಿದರು.

ಅತ್ತೆ ತಲೆ ಎತ್ತಲಿಲ್ಲ. “ಅಪ್ಪ ಬಂದಿದ್ದರಿ. ಓಟ ಮುಗಿಯೋ ಗೆರಿ ಹತ್ರನ ನಿಂತಿದ್ದ.”

ಎಲ್ಲರೂ ಅಜ್ಜನನ್ನು ನೋಡಿದರು. ಅವಳು ಓಡಿದ ದಿನ ನಮ್ಮ ಹೊಲದ ಕಾಲುವೆಗೆ ಮೊದಲ ಸಲ ನೀರು ಬಂದಿತ್ತು. ಅಜ್ಜ ನನ್ನ ಕೈ ಹಿಡಿದುಕೊಂಡು ಸಂಜೆಯವರೆಗೂ ಅಲ್ಲೇ ಇದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಅಂದ: “ಹೌದ್ರಿ, ನಾನ ಕರ್ಕೊಂಡ್ ಹೋಗಿದ್ನಿ.”

ಆ ಹೆಂಗಸು ತಂದೆ ಮಗಳ ಮುಖವನ್ನು ಬಹಳ ಹೊತ್ತು ನೋಡಿ, ಎಲೆ ಅಡಿಕೆ ಮುಟ್ಟದೆ ಎದ್ದು ಹೋದರು.

ಬಾಗಿಲು ಹಾಕಿಕೊಂಡ ಮೇಲೆ ಅಜ್ಜ ಕೇಳಿದ: “ಖರೇ ಹೇಳು, ಗೆರಿ ಹತ್ರ ಯಾರ್ ನಿಂತಿದ್ರು?”

“ಉಳಿದ ಹುಡುಗ್ಯಾರ ಅಪ್ಪಗೋಳು ನಿಂತಿದ್ರಪ್ಪ,” ಅಂದಳು ಅತ್ತೆ. “ನನಗ ಯಾರೂ ಇರಲಿಲ್ಲ.”